ರಸೀದಿಯಲ್ಲಿಲ್ಲದ ಹೆಸರು

ಗಾಳಕ್ಕೆ ಕಟ್ಟುವ ರಾಗಿ ಉಂಡೆಯ ಹದ ಊಟದ ಮುದ್ದೆಯ ಹದವಲ್ಲ. ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ಕುದಿಯುವ ನೀರಿನಲ್ಲಿ ಬೇಯಿಸಿ, ಹೊರತೆಗೆದು ಬಿಸಿಯಿರುವಾಗಲೇ ಮತ್ತೆ ನಾದಬೇಕು. ಹೊಳೆಯ ಸೆಳೆತಕ್ಕೆ ಅದು ಕರಗಬಾರದು, ಬಂಡೆಗೆ ಉಜ್ಜಿದರೂ ಗಾಳದಿಂದ ಕಳಚಬಾರದು. ಆದರೆ ಮೀನು ಬಾಯಿ ಹಾಕಿ ಅಮುಕಿದ ಕ್ಷಣ ಒಡೆದು ಗಾಳದ ಮೊನೆ ಹೊರಗೆ ಬರಬೇಕು. ಉಂಡೆ ನಿಂಬೆಹಣ್ಣಿನಷ್ಟಿರಬೇಕೋ ಕಿತ್ತಳೆಯಷ್ಟಿರಬೇಕೋ ಎಂಬುದನ್ನು ಅಂದಿನ ನೀರು ನೋಡಿ ತೀರ್ಮಾನಿಸುತ್ತಾರೆ. ಮೇಲೆ, ಕಾವೇರಿಯ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆ ನಡೆಯುತ್ತಿದೆ. ಅಲ್ಲಿಂದ ಬಿಡುವ ನೀರು ಹೆಚ್ಚು ಕಡಿಮೆಯಾದಂತೆ ಕೆಳಗಿನ ಮಡುಗಳ ಮಟ್ಟವೂ ಏರಿಳಿಯುತ್ತದೆ. ಬೆಳಿಗ್ಗೆ ಕಂಡ ಬಂಡೆ ಮಧ್ಯಾಹ್ನಕ್ಕೆ ಮುಳುಗಿರಬಹುದು. ಇದನ್ನೆಲ್ಲ ಪುಸ್ತಕ ಓದಿ ಕಲಿತವರು ಕಡಿಮೆ.

ಗಾಳಿಬೋರೆ, ಭೀಮೇಶ್ವರಿ, ದೊಡ್ಡಮಾಕಳಿ ಸುತ್ತಿನ ಹೊಳೆದಂಡೆಯ ಹಳ್ಳಿಗಳವರಿಗೆ ಇದು ಕೈಗೆ ಬಂದ ವಿದ್ಯೆ. ಮೀನು ಹಿಡಿಯುವ ಹವ್ಯಾಸಕ್ಕೆ ಬಂದವರನ್ನು ತೆಪ್ಪದಲ್ಲಿ ಕೂರಿಸಿಕೊಂಡು ಮಡುವಿಗೆ ಕರೆದೊಯ್ಯುವುದು, ದಾರ ಕಲ್ಲಿಗೆ ಸಿಕ್ಕಿಕೊಂಡರೆ ಬಿಡಿಸುವುದು, ಹಿಡಿದ ಮೀನನ್ನು ಗಾಯವಾಗದಂತೆ ಗಾಳದಿಂದ ಬಿಡಿಸಿ ನೀರಿಗೆ ಮರಳಿಸುವುದು ಅವರ ಕೆಲಸವಾಗಿತ್ತು. ಸ್ಕಾಟ್ಲೆಂಡಿನ ಹೊಳೆಗಳಿಂದ ಬಂದ ‘ಗಿಲ್ಲಿ’ ಎಂಬ ಹೆಸರು ಶಿಬಿರಗಳಲ್ಲಿ ಅವರಿಗೆ ಅಂಟಿಕೊಂಡಿತು. ಊರಿನವರ ಬಾಯಲ್ಲಿ ಅವರು ಗೈಡ್.

ಈ ಗೈಡುಗಳ ಗಿರಾಕಿಗಳಲ್ಲಿ ಬಹಳ ಮಂದಿ ಬೆಂಗಳೂರಿನವರಾಗಿದ್ದರು. ಯಲಹಂಕ, ಆರ್.ಟಿ. ನಗರ, ಯಶವಂತಪುರದಂಥ ಬಡಾವಣೆಗಳಿಂದ ಶನಿವಾರ ನಸುಕಿನಲ್ಲೇ ಹೊರಟು, ಯಲಹಂಕದವರಾದರೆ ಹೆಬ್ಬಾಳದ ಮೇಲ್ಸೇತುವೆ ದಾಟಿ, ಇಡೀ ನಗರವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಕನಕಪುರ ರಸ್ತೆ ಹಿಡಿಯುತ್ತಿದ್ದರು. ಕಾವೇರಿ ದಂಡೆಗೆ ನೂರು ಕಿಲೋಮೀಟರ್‌ಗೂ ಹೆಚ್ಚಿನ ದಾರಿ. ನಗರದ ಆ ತುದಿಯವರು ಹೊಳೆಯ ಈ ದಂಡೆಯಲ್ಲಿ ಖರ್ಚು ಮಾಡುತ್ತಿದ್ದ ಹಣದಿಂದ ಎರಡು ಮೂರು ಹಳ್ಳಿಗಳ ಒಲೆ ಉರಿಯುತ್ತಿದ್ದ ಕಾಲವಿತ್ತು. ಹೀಗಾಗಿ ಮೀನು ಹಿಡಿಯುವ ಪರವಾನಗಿಗೆ ಎಷ್ಟು ಶುಲ್ಕ ಎಂಬ ಪ್ರಶ್ನೆ ಹವ್ಯಾಸಿಗಳಿಗಷ್ಟೇ ಸಂಬಂಧಿಸಿದ್ದಲ್ಲ.

ಕರ್ನಾಟಕದಲ್ಲಿ ಹೊಳೆ, ಕೆರೆ, ಜಲಾಶಯಗಳ ಮೀನುಗಾರಿಕೆಗೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಪರವಾನಗಿ, ಗುತ್ತಿಗೆ ಎರಡೂ ಅದರ ಅಡಿಯಲ್ಲಿ ಬರುತ್ತವೆ. ಸರ್ಕಾರದ ಕಣ್ಣಿಗೆ ಕಾಣುವವರು ಇಲ್ಲಿ ಇಬ್ಬರು: ನೀರಿನ ಒಡೆತನವುಳ್ಳ ಇಲಾಖೆ ಮತ್ತು ಹಣ ಕಟ್ಟಿದ ಪರವಾನಗಿದಾರ ಅಥವಾ ಗುತ್ತಿಗೆದಾರ. ಇವರಿಬ್ಬರ ನಡುವೆ ನಿಂತು ಕೆಲಸ ಮಾಡುವ ಮೂರನೆಯವನ ಹೆಸರು ರಸೀದಿಯಲ್ಲಿ ಎಲ್ಲೂ ಬರುವುದಿಲ್ಲ. ಶುಲ್ಕ ಏರಿದಾಗ, ಪರವಾನಗಿ ನಿಂತಾಗ, ನಿಯಮ ಬದಲಾದಾಗ ಮೊದಲ ಪೆಟ್ಟು ಬೀಳುವುದು ಅವನಿಗೇ.

ಒಂದು ಸಾದಾ ಲೆಕ್ಕ ಹಾಕಿ ನೋಡಬಹುದು. ಯಲಹಂಕದ ನಾಲ್ವರು ಗೆಳೆಯರು ವಾರಾಂತ್ಯದ ಮೀನು ಪ್ರವಾಸಕ್ಕೆ ಹತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದಾರೆ ಎಂದುಕೊಳ್ಳೋಣ. ಪೆಟ್ರೋಲಿಗೆ 2,500, ಊಟ ವಸತಿಗೆ 5,500, ಪರವಾನಗಿಗೆ 500, ಉಳಿದ 1,500 ಗೈಡಿಗೆ. ಈಗ ಪರವಾನಗಿ ಶುಲ್ಕ 500ರಿಂದ 1,200ಕ್ಕೆ ಏರಿತು. ಪೆಟ್ರೋಲ್ ಬಂಕಿನಲ್ಲಿ ಚೌಕಾಸಿ ನಡೆಯುವುದಿಲ್ಲ. ವಸತಿಯ ದರ ಗೋಡೆಯ ಮೇಲೆ ಬರೆದಿರುತ್ತದೆ. ಚೌಕಾಸಿಗೆ ಒದಗುವುದು ಒಂದೇ ಬಾಬ್ತು. 1,500 ಇದ್ದದ್ದು 800ಕ್ಕೆ ಇಳಿಯುತ್ತದೆ, ಇಲ್ಲವೇ ‘ಈ ಸಲ ಗೈಡ್ ಬೇಡ, ಜಾಗ ಗೊತ್ತಿದೆಯಲ್ಲ’ ಎಂಬ ಮಾತು ಬರುತ್ತದೆ. ಪ್ರವಾಸಿಗರ ಜೇಬಿಗೆ 700 ರೂಪಾಯಿ ದೊಡ್ಡ ಮೊತ್ತವಾಗಿರಲಿಕ್ಕಿಲ್ಲ. ಮಳೆಗಾಲದ ಕೆಂಪು ನೀರು ಇಳಿದ ಮೇಲಿನ ಕೆಲವೇ ತಿಂಗಳು ಕೆಲಸ ಸಿಗುವ ಮನೆಗೆ ಅದು ವಾರದ ಸಂತೆಯ ದುಡ್ಡು.

ಏರಿಕೆ ಎಷ್ಟು ಎಂಬುದರ ಜೊತೆಗೆ ಶುಲ್ಕ ಯಾವ ರೂಪದ್ದು ಎಂಬುದನ್ನೂ ನೋಡಬೇಕು. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವ ಪದ್ಧತಿ ವಾರ ವಾರ ಹೊಳೆಗೆ ಹೋಗುವ ಪಳಗಿದವರಿಗೆ ಲಾಭ. ಅಂಥವರಿಗೆ ಗೈಡ್ ಬೇಕಾಗುವುದೂ ಕಡಿಮೆ. ಗೈಡನ್ನು ಹುಡುಕಿಕೊಂಡು ಬರುವವರು ಮೊದಲ ಸಲ ಗಾಳ ಹಿಡಿದವರು, ಮಗಳಿಗೆ ಹೊಳೆ ತೋರಿಸಲು ಬಂದ ಅಪ್ಪಂದಿರು, ವರ್ಷಕ್ಕೊಮ್ಮೆ ಬಿಡುವು ಸಿಗುವ ನೌಕರರು. ಇವರಿಗೆ ಬೇಕಾದದ್ದು ಒಂದು ದಿನದ ಅಗ್ಗದ ಚೀಟಿ. ದಿನದ ಚೀಟಿಯನ್ನು ತೆಗೆದುಹಾಕಿ ವಾರ್ಷಿಕ ಪರವಾನಗಿ ಒಂದನ್ನೇ ಉಳಿಸಿದರೆ ಗೈಡಿನ ಗಿರಾಕಿಯನ್ನೇ ತಡೆದಂತಾಗುತ್ತದೆ. ಶುಲ್ಕದ ಪಟ್ಟಿ ಬರೆಯುವವರು ಇಷ್ಟನ್ನು ಗಮನಿಸಿದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಈ ಗಿರಾಕಿಗಳನ್ನು ಹೊಳೆಗೆ ಎಳೆದದ್ದು ಕಾವೇರಿಯ ಮಹಶೀರ್ ಮೀನು. ದಂಡೆಯ ಜನ ಅದಕ್ಕೆ ಇಟ್ಟ ಹೆಸರು ಬಿಳಿಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವಾನ್ ಇಂಗನ್ ಕುಟುಂಬದ ಡಿ ವೆಟ್ ವಾನ್ ಇಂಗನ್ ಹಿಡಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದೇ ದಾಖಲೆ. ಸ್ವಾತಂತ್ರ್ಯದ ನಂತರ ದೊಡ್ಡ ಮಹಶೀರ್‌ಗಳ ಕಾಲ ಮುಗಿಯಿತೆಂದು ಹೊರಗಿನವರು ನಂಬಿದ್ದರು. 1977ರಲ್ಲಿ ಮೂವರು ಇಂಗ್ಲಿಷ್ ಯುವಕರ ತಂಡ ಕಾವೇರಿಗೆ ಬಂದು ದೊಡ್ಡ ಮೀನುಗಳು ಇನ್ನೂ ಇವೆ ಎಂದು ತೋರಿಸಿದ ಮೇಲೆ ಹೊರದೇಶದವರ ಸಾಲು ಶುರುವಾಯಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ದಂಡೆಯ ಮೇಲೆ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಬದುಕಿದ್ದಂತೆಯೇ ನೀರಿಗೆ ಬಿಡಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು.

ಗೈಡುಗಳನ್ನು ಎಲ್ಲಿಂದ ಆರಿಸಿದರು ಎಂಬುದು ಇಡೀ ಕಥೆಯಲ್ಲಿ ಹೆಚ್ಚು ಗೌರವ ಹುಟ್ಟಿಸುವ ಸಂಗತಿ. ಹೊಳೆಗೆ ಸಿಡಿಮದ್ದು ಎಸೆದು ಮೀನು ತೇಲಿಸುತ್ತಿದ್ದವರು, ಕದ್ದು ಬಲೆ ಬೀಸುತ್ತಿದ್ದವರು ಅವರಲ್ಲಿದ್ದರು. ಯಾವ ಮಡುವಿನಲ್ಲಿ ಮೀನಿದೆ, ಯಾವ ಹೊತ್ತಿಗೆ ಮೇಲಕ್ಕೆ ಬರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಅದೇ ತಿಳಿವಳಿಕೆಗೆ ಕೂಲಿ ಸಿಕ್ಕಾಗ ಅವರು ಸಿಡಿಮದ್ದನ್ನು ಕೈಬಿಟ್ಟರು. ಬದುಕಿರುವ ಮೀನು ಮತ್ತೆ ಮತ್ತೆ ಗಿರಾಕಿಯನ್ನು ತರುತ್ತದೆ, ಸತ್ತ ಮೀನು ಒಂದೇ ಸಲ ಮಾರಾಟವಾಗುತ್ತದೆ ಎಂಬ ಲೆಕ್ಕ ಅವರಿಗೆ ಯಾರೂ ಪಾಠ ಹೇಳದೆಯೇ ತಿಳಿಯಿತು. ಹವ್ಯಾಸಿಗಳು ಕಟ್ಟಿದ ಶುಲ್ಕದಿಂದ ಕಾವಲುಗಾರರಿಗೆ ಸಂಬಳ ಸಿಗುತ್ತಿತ್ತು. ಕೊಡಗಿನ ವಾಲ್ನೂರಿನ ಸುತ್ತ ಕೊಡಗು ವನ್ಯಜೀವಿ ಸಂಘವೂ ಇದೇ ಬಗೆಯಲ್ಲಿ ಪರವಾನಗಿ ಹಣದಿಂದ ಹೊಳೆ ಕಾಯಿಸಿತು.

ಶುಲ್ಕ ಹೊಳೆಗೇ ಮರಳಿದ್ದರಿಂದ ಅದು ಯಾರಿಗೂ ಹೊರೆ ಅನಿಸಲಿಲ್ಲ.

ಆದರೆ ಶಿಬಿರಗಳಿದ್ದ ಜಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮಕ್ಕೆ ಸೇರಿತ್ತು. ವನ್ಯಧಾಮದೊಳಗೆ ಗಾಳ ಹಾಕಿ ಮೀನು ಹಿಡಿಯುವುದು, ಅದನ್ನು ಮರಳಿ ಬಿಟ್ಟರೂ, ಬೇಟೆಯೇ ಆಗುತ್ತದೆ ಎಂಬ ವಾದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ ಎದ್ದಿತು. 2010ರ ನಂತರ ಒಂದೊಂದಾಗಿ ಅನುಮತಿಗಳು ನಿಂತು, 2012ರ ಹೊತ್ತಿಗೆ ಆ ಭಾಗದಲ್ಲಿ ಗಾಳದ ಮೀನುಗಾರಿಕೆ ಮುಗಿಯಿತು. ಭೀಮೇಶ್ವರಿ, ಗಾಳಿಬೋರೆಯಲ್ಲಿ ಜಂಗಲ್ ಲಾಡ್ಜಸ್ ಈಗಲೂ ಅತಿಥಿಗಳನ್ನು ಕರೆಯುತ್ತದೆ. ತೆಪ್ಪದ ಸವಾರಿ, ಚಾರಣ, ಹಕ್ಕಿ ನೋಡುವುದು ನಡೆಯುತ್ತವೆ. ತೆಪ್ಪ ಹುಟ್ಟು ಹಾಕಲು ತೋಳ್ಬಲವಿದ್ದರೆ ನಡೆಯುತ್ತದೆ. ಬಿಳಿಮೀನಿನ ಮನಸ್ಸು ಓದಬಲ್ಲವನಿಗೆ ಆ ಓದಿನಿಂದ ಬರುತ್ತಿದ್ದ ಸಂಪಾದನೆ ತಪ್ಪಿತು.

ಆ ಶಿಬಿರಗಳು ಬಿಟ್ಟುಹೋದ ಒಂದು ಆಸ್ತಿ ಮಾತ್ರ ಉಳಿದಿದೆ: ಮೀನಿನ ಲೆಕ್ಕದ ಪುಸ್ತಕ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಸಂಗಡಿಗರು ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. 23,620 ತಾಸುಗಳ ಪ್ರಯತ್ನದಲ್ಲಿ 6,161 ಮಹಶೀರ್‌ಗಳನ್ನು ಹಿಡಿದು ಬಿಟ್ಟಿದ್ದರು. ಅರ್ಧ ಕಿಲೋಗಿಂತ ಚಿಕ್ಕ ಮೀನಿನಿಂದ ಹಿಡಿದು 46 ಕಿಲೋ ದಾಟಿದ ಮೀನಿನವರೆಗೆ ಅದರಲ್ಲಿದ್ದವು. ಸರಾಸರಿ ತೆಗೆದರೆ ಒಂದು ಮೀನಿಗೆ ಹೆಚ್ಚೂ ಕಡಿಮೆ ನಾಲ್ಕು ತಾಸು ಕಾಯಬೇಕಾಯಿತು. ಆ ನಾಲ್ಕು ತಾಸೂ ಯಾರೋ ಒಬ್ಬ ಗೈಡ್ ಪಕ್ಕದಲ್ಲಿ ಕೂತು ದಾರದ ಮೇಲೆ ಕಣ್ಣಿಟ್ಟಿದ್ದ.

ಈ ದಾಖಲೆ ಹವ್ಯಾಸಿಗಳಿಗೂ ಒಂದು ಕಹಿ ಸತ್ಯ ಹೇಳಿತು. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಹೆಚ್ಚಿತು, ಸರಾಸರಿ ತೂಕ ಇಳಿಯಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದರ ಮರಿಗಳನ್ನು ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ತಂದು ಕಾವೇರಿಗೆ ಬಿಟ್ಟಿದ್ದರು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಮಾತ್ರ ಪುಸ್ತಕದ ಪುಟಗಳಿಂದ ಮೆಲ್ಲಗೆ ಮರೆಯಾಗುತ್ತ ಬಂದಿತ್ತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೊಳೆಯ ಹಿತ ಬಯಸಿಯೇ ಬಿಟ್ಟ ಮರಿಗಳು ಹೊಳೆಯ ಮೂಲ ನಿವಾಸಿಯ ಜಾಗ ಹಿಡಿದಿದ್ದವು. ಹಾಗಾಗಿ ನಿಷೇಧವನ್ನು ಕಣ್ಣುಮುಚ್ಚಿ ಬೈಯುವಂತಿಲ್ಲ. ವನ್ಯಧಾಮದಲ್ಲಿ ಕಾನೂನು ಬಿಗಿಯಾಗಿರಬೇಕಾದದ್ದು ಸರಿ. ಆದರೆ ಡುಬ್ಬದ ಮೀನು ಕಡಿಮೆಯಾಗುತ್ತಿದೆ ಎಂಬ ಎಚ್ಚರಿಕೆ ಸಿಕ್ಕಿದ್ದೇ ಗಾಳದವರ ದಾಖಲೆಯಿಂದ. ಗಾಳ ನಿಂತ ಮೇಲೆ ಆ ಬಗೆಯ ಲೆಕ್ಕವೂ ನಿಂತಿತು. ಪಿಂಡರ್ ಮತ್ತು ರಾಘವನ್ 2013ರಲ್ಲೇ ಬೆಂಗಳೂರಿನ ಸದಾಶಿವನಗರದಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಹವ್ಯಾಸಿ ಮೀನುಗಾರಿಕೆ ಮಹಶೀರ್ ಸಂರಕ್ಷಣೆಗೆ ನೆರವಾಗಬಲ್ಲದು ಎಂದು ವಾದಿಸಿದ್ದರು. ಹೆಬ್ಬಾಳದ ಹತ್ತಿರದಿಂದಲೇ ಪ್ರಕಟವಾದ ಆ ಮಾತನ್ನು ಹೆಬ್ಬಾಳದ ಹವ್ಯಾಸಿಗಳೂ ಹೆಚ್ಚು ಓದಿದಂತಿಲ್ಲ.

ಶುಲ್ಕದ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಲು ನೂರು ಕಿಲೋಮೀಟರ್ ದೂರ ಹೋಗಲೇಬೇಕೆಂದಿಲ್ಲ. ಉತ್ತರ ಬೆಂಗಳೂರಿನ ಕೆರೆಗಳಲ್ಲೂ ಅದೇ ಕಥೆ ಬೇರೆ ವೇಷದಲ್ಲಿದೆ. 1537ರಲ್ಲಿ ಕೆಂಪೇಗೌಡರ ಕಾಲದಲ್ಲಿ ಕಟ್ಟಿದ್ದೆಂದು ಹೇಳುವ ಹೆಬ್ಬಾಳದ ಕೆರೆಯನ್ನು 2006ರಲ್ಲಿ ಆಗಿನ ಕೆರೆ ಅಭಿವೃದ್ಧಿ ಪ್ರಾಧಿಕಾರ ಒಂದು ಹೋಟೆಲ್ ಸಂಸ್ಥೆಗೆ ಗುತ್ತಿಗೆ ಕೊಟ್ಟಿತು. ನಾಗವಾರದ ಕೆರೆ ಅದಕ್ಕೂ ಮೊದಲೇ ಟಿಕೆಟ್ಟಿನ ಉದ್ಯಾನವಾಗಿತ್ತು. ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಘಟನೆ 2008ರಲ್ಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದಾಗ ಎತ್ತಿದ ಪ್ರಶ್ನೆಗಳಲ್ಲಿ ಒಂದು ಇದೇ: ಆ ಕೆರೆಗಳಲ್ಲಿ ಮೀನು ಹಿಡಿಯುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ದನ ಮೇಯಿಸುತ್ತಿದ್ದವರು ಟಿಕೆಟ್ ಬಂದ ಮೇಲೆ ಎಲ್ಲಿಗೆ ಹೋಗಬೇಕು? ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿ ಬಂದ ಮೇಲೆ, 2012ರ ಏಪ್ರಿಲ್‌ನಲ್ಲಿ ಹೈಕೋರ್ಟ್ ತೀರ್ಪು ಕೊಟ್ಟು ಕೆರೆಗಳ ರಕ್ಷಣೆಯ ಹೊಣೆಯನ್ನು ಜಿಲ್ಲಾ ಮಟ್ಟದ ಸಮಿತಿಗಳಿಗೆ ಒಪ್ಪಿಸಿತು. ಕಾವೇರಿ ದಂಡೆಯ ಗೈಡುಗಳ ಕೆಲಸ ಹೋದದ್ದೂ ಹೆಬ್ಬಾಳದ ಕೆರೆಯವರ ಪ್ರಶ್ನೆಗೆ ನ್ಯಾಯಾಲಯದ ತೀರ್ಪು ಬಂದದ್ದೂ ಹೆಚ್ಚೂ ಕಡಿಮೆ ಒಂದೇ ಕಾಲದಲ್ಲಿ. ಕೆರೆಯವರ ಪರವಾಗಿ ಮಾತಾಡಲು ಒಂದು ಸಂಘಟನೆ ಇತ್ತು. ಗೈಡುಗಳಿಗೆ ಸಂಘವೂ ಇರಲಿಲ್ಲ, ಕಾಗದವೂ ಇರಲಿಲ್ಲ.

ಜಕ್ಕೂರಿನ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ನಡೆಯುವವರಿಗೆ ತೆಪ್ಪದಲ್ಲಿ ಬಲೆ ಎಳೆಯುವವರು ಕಾಣುತ್ತಾರೆ. ಸುಮಾರು 160 ಎಕರೆಯ ಆ ಕೆರೆಗೆ ಪಕ್ಕದ ಘಟಕದಲ್ಲಿ ಶುದ್ಧೀಕರಿಸಿದ ನೀರು ಹರಿಯುತ್ತದೆ. ಕಾಟ್ಲಾ, ರೋಹು, ಗೆಂಡೆಗಳು ಅದರಲ್ಲೇ ಬೆಳೆಯುತ್ತವೆ. ಇಂಥ ಕೆರೆಗಳ ಮೀನು ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆಯ ಹಣ ಮೊದಲೇ ಕಟ್ಟಬೇಕು, ಮೀನುಮರಿ ಬಿಡಬೇಕು, ಕಾವಲು ಹಾಕಬೇಕು. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಆದಂತೆ ಒಂದೇ ರಾತ್ರಿ ಮೀನೆಲ್ಲ ಸತ್ತು ತೇಲಿದರೆ ಕಟ್ಟಿದ ಹಣಕ್ಕೆ ಉತ್ತರವಿಲ್ಲ. ಗುತ್ತಿಗೆ ಮೊತ್ತ ಏರಿದಷ್ಟೂ ಸಣ್ಣ ಸಹಕಾರ ಸಂಘಗಳಿಗೆ ಅದು ಎಟುಕುವುದಿಲ್ಲ. ಹಣವಿದ್ದವನು ಟೆಂಡರ್ ಹಿಡಿದು, ನೀರಿಗಿಳಿಯುವವರನ್ನು ದಿನಗೂಲಿಗೆ ಕರೆಯುತ್ತಾನೆ. ಹೊಳೆಯಲ್ಲಾಗಲಿ ಕೆರೆಯಲ್ಲಾಗಲಿ ಶುಲ್ಕದ ಭಾರ ಕೆಳಗೆ ಇಳಿಯುತ್ತ ಇಳಿಯುತ್ತ ನಿಲ್ಲುವುದು ಮೈ ಒದ್ದೆಯಾದವನ ಮೇಲೆ.

ಬೇರೆ ಕಡೆ ಇದಕ್ಕೆ ದಾರಿ ಕಂಡುಕೊಂಡವರಿದ್ದಾರೆ. ಅಮೆರಿಕದಲ್ಲಿ 1950ರ ಡಿಂಜೆಲ್–ಜಾನ್ಸನ್ ಕಾಯ್ದೆ ಗಾಳದ ಸಾಮಾನಿನ ಮೇಲಿನ ತೆರಿಗೆಯನ್ನು ಮೀನಿನ ಅಭಿವೃದ್ಧಿಗೆ ಮೀಸಲಿಟ್ಟಿತು. ಆ ಹಣ ಬೇಕಾದರೆ ರಾಜ್ಯಗಳು ತಮ್ಮ ಪರವಾನಗಿ ಶುಲ್ಕವನ್ನು ಬೇರೆ ಬಾಬ್ತಿಗೆ ತಿರುಗಿಸುವಂತಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 1990ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿಯ ಆಯ್ದ ಹೊಳೆಗಳಲ್ಲಿ ಗೈಡುಗಳಿಗೇ ಪರವಾನಗಿ ಇದೆ, ವರ್ಷಕ್ಕೆ ಇಷ್ಟು ದಿನ ಇಷ್ಟು ಜನರನ್ನು ಕರೆದೊಯ್ಯಬಹುದು ಎಂಬ ಪಾಲೂ ಇದೆ. ಶುಲ್ಕ ಹೆಚ್ಚಾದರೆ ಅಲ್ಲಿಯ ಗೈಡುಗಳು ಗೊಣಗುವುದುಂಟು. ಆದರೆ ಅವರು ಮಾತುಕತೆಯ ಮೇಜಿನಲ್ಲಿ ಕೂತು ಗೊಣಗುತ್ತಾರೆ, ಏಕೆಂದರೆ ಅವರ ಹೆಸರು ಕಾಗದದಲ್ಲಿದೆ. ನಮ್ಮ ದೇಶದಲ್ಲೇ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಯಲ್ಲಿ ಟ್ರೌಟ್ ಮೀನಿಗೆ ದಿನದ ಪರವಾನಗಿ ಇದೆ. ನವೆಂಬರ್ ಮೊದಲಿನಿಂದ ಫೆಬ್ರವರಿ ಕೊನೆಯವರೆಗೆ ಹೊಳೆಗೆ ಪೂರ್ತಿ ಬಿಡುವು. ಚೀಟಿ ಪಡೆದ ಪ್ರವಾಸಿ ಅಲ್ಲೇ ಹಳ್ಳಿಯ ಮನೆಯಲ್ಲಿ ಉಳಿದು, ಅಲ್ಲಿಯವರನ್ನೇ ಕರೆದುಕೊಂಡು ಹೊಳೆಗೆ ಇಳಿಯುತ್ತಾನೆ.

ಕರ್ನಾಟಕಕ್ಕೆ ಇದೆಲ್ಲ ಅಸಾಧ್ಯವೇನಲ್ಲ. ಮಹಶೀರ್ ಈಜುವ ನೀರೆಲ್ಲ ವನ್ಯಧಾಮವಲ್ಲ. ವನ್ಯಧಾಮದ ಹೊರಗೆ ಹೊಳೆಗಳಿವೆ, ಜಲಾಶಯಗಳಿವೆ, ಕೆರೆಗಳಿವೆ. ಅಲ್ಲಿ ಗಾಳದ ಹವ್ಯಾಸಕ್ಕೆ ಶುಲ್ಕ ಹಾಕುವುದಾದರೆ ಹಾಕಲಿ, ಕಾಲಕಾಲಕ್ಕೆ ಏರಿಸುವುದಾದರೆ ಏರಿಸಲಿ. ಪುಕ್ಕಟೆ ನೀರನ್ನು ಯಾರೂ ಕಾಯುವುದಿಲ್ಲ ಎಂಬುದು ಮೀನು ಹಿಡಿಯುವವರಿಗೇ ಚೆನ್ನಾಗಿ ಗೊತ್ತು. ಆದರೆ ಶುಲ್ಕದ ಆದೇಶದಲ್ಲೇ ಮೂರು ವಿಷಯ ಸೇರಬೇಕು. ಹಣದ ಒಂದು ಪಾಲು ಅದೇ ಹೊಳೆಯ ಕಾವಲಿಗೆ ಹೋಗಬೇಕು. ದಿನದ ಚೀಟಿ ಅಗ್ಗವಾಗಿಯೇ ಉಳಿಯಬೇಕು. ಸ್ಥಳೀಯ ಗೈಡುಗಳನ್ನು ನೋಂದಾಯಿಸಿ, ಪರವಾನಗಿಯ ರಸೀದಿಯಲ್ಲೇ ಅವರ ಹೆಸರು ಮತ್ತು ಕೂಲಿಯನ್ನು ನಮೂದಿಸಬೇಕು. ಅಷ್ಟಾದರೆ ನಾಳೆ ಯಾವುದೇ ಕಾರಣಕ್ಕೆ ಅನುಮತಿ ನಿಂತರೂ ಕೆಲಸ ಕಳೆದುಕೊಂಡವರು ಯಾರು, ಎಷ್ಟು ಮಂದಿ ಎಂಬ ಲೆಕ್ಕ ಸರ್ಕಾರದ ಬಳಿಯೇ ಇರುತ್ತದೆ. ಪರಿಹಾರ ಕೇಳಲು ಅವರ ಕೈಯಲ್ಲಿ ಒಂದು ಕಾಗದವೂ ಇರುತ್ತದೆ.

ಸರ್ಕಾರ ನಿಯಮಗಳನ್ನು ತಿದ್ದುವಾಗ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ, ಸಲಹೆ ಕರೆಯುವ ಪದ್ಧತಿ ಇದೆ. ಹೊಳೆದಂಡೆಯ ಹಳ್ಳಿಯವರು ರಾಜ್ಯಪತ್ರ ತಿರುವಿ ನೋಡುವುದು ಅಪರೂಪ. ಯಲಹಂಕದಲ್ಲಿ, ಆರ್.ಟಿ. ನಗರದಲ್ಲಿ ಗಾಳದ ಕೋಲನ್ನು ಅಟ್ಟದ ಮೇಲೆ ಇಟ್ಟುಕೊಂಡಿರುವ ವಿದ್ಯಾವಂತರಿಗೆ ಅದು ಕಷ್ಟವಲ್ಲ. ತಮ್ಮ ಮೊದಲ ಬಿಳಿಮೀನನ್ನು ಯಾರ ತೆಪ್ಪದಲ್ಲಿ ಕೂತು ಹಿಡಿದೆವು ಎಂಬುದು ಅವರಿಗೆ ನೆನಪಿರುತ್ತದೆ. ಮುಂದಿನ ಕರಡು ಬಂದಾಗ ಶುಲ್ಕ ಕಡಿಮೆ ಮಾಡಿ ಎಂದು ಬರೆಯುವ ಅರ್ಜಿಯಲ್ಲಿ ಗೈಡುಗಳ ನೋಂದಣಿಯ ಬೇಡಿಕೆಯನ್ನೂ ದಯವಿಟ್ಟು ಸೇರಿಸಿ ಕಳಿಸಿ.